ಹೆಸರಿನ ಪುಡಿ, ಹೆಸರಿಲ್ಲದ ಪುಡಿ

ನಮ್ಮ ಬಳಗದಲ್ಲಿ ಕವಿತೆ ಬರೆಯುವವರಿಗೆ ಬರಗಾಲವಿಲ್ಲ. ಕಥೆಗಾರರೂ ಇದ್ದಾರೆ. ವಿಜ್ಞಾನದ ಬಗ್ಗೆ ಬರೆಯುವವರೇ ಇಲ್ಲವೆಂದು ಸಂಪಾದಕರು ನನ್ನ ಕಡೆ ನೋಡಿದರು. ಬಳಗದಲ್ಲಿ ರಸಾಯನಶಾಸ್ತ್ರ ಓದುವವಳು ನಾನೊಬ್ಬಳೇ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಚಂದ್ರಯಾನ, ಅಣುಶಕ್ತಿ ಅಂತ ಏನಾದ್ರೂ ಬರಿಯೇ" ಅಂದರು. ನಾನು ಬರೆಯಹೊರಟಿರುವುದು ಬ್ಲೀಚಿಂಗ್ ಪೌಡರಿನ ಮೇಲೆ. ವಾಚಕರು ಮೂಗು ಮುಚ್ಚಿಕೊಳ್ಳಬಾರದೆಂದು ವಿನಂತಿ.

ಕನ್ನಡದಲ್ಲಿ ಇದಕ್ಕೆ 'ಚಲುವೆ ಪುಡಿ' ಎಂಬ ಹೆಸರುಂಟು. ಚಲುವೆ ಎಂದರೆ ಬಟ್ಟೆಯನ್ನು ಬೆಳ್ಳಗೆ ಮಾಡುವುದು. ಚಿಕ್ಕವಳಿದ್ದಾಗ ಈ ಹೆಸರು ಓದಿ, ಚೆಲುವೆಯರು ಮುಖಕ್ಕೆ ಹಚ್ಚಿಕೊಳ್ಳುವ ಪುಡಿ ಇರಬೇಕೆಂದು ತಿಳಿದಿದ್ದೆ. ಈಗ ಗೊತ್ತಾಗಿದೆ, ಹಚ್ಚಿಕೊಂಡರೆ ಚರ್ಮವೇ ಸುಲಿದೀತು.

ಸರಿ, ವಿಷಯಕ್ಕೆ ಬರುತ್ತೇನೆ. ನಾವಿರುವುದು ಡೊಂಬಿವಲಿ ಪೂರ್ವದ ಒಂದು ಹಳೆಯ ಸೊಸಾಯಟಿಯಲ್ಲಿ. ನೆಲದ ಕೆಳಗೊಂದು ಟಾಕಿ, ಮಾಳಿಗೆಯ ಮೇಲೊಂದು ಟಾಕಿ. ಕೆಳಗಿನದರಲ್ಲಿ ಹತ್ತು ಸಾವಿರ ಲೀಟರು ನೀರು ಹಿಡಿಯುತ್ತದೆ. ಉಲ್ಹಾಸ ನದಿಯ ನೀರು ಶುದ್ಧೀಕರಣ ಕೇಂದ್ರದಲ್ಲಿ ಸೋಸಿ, ಕ್ಲೋರೀನು ಬೆರೆತು ಹೊರಡುವಾಗ ಚೆನ್ನಾಗಿಯೇ ಇರುತ್ತದೆ. ಆಮೇಲಿನ ದಾರಿಯೇ ಬೇರೆ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಿಟ್ಟ ಗಳಿಗೆಯಲ್ಲಿ ಕೊಳವೆ ತುಂಬಿರುತ್ತದೆ, ನಿಲ್ಲಿಸಿದ ಮೇಲೆ ಬರಿದಾಗುತ್ತದೆ. ಬರಿದಾಗುವ ಕೊಳವೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲಾದರೂ ಬಿರುಕಿದ್ದು ಪಕ್ಕದಲ್ಲೇ ಗಟಾರ ಹರಿಯುತ್ತಿದ್ದರೆ ಅದು ಎಳೆದುಕೊಳ್ಳುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ದುರಸ್ತಿಗೆಂದು ಇಡೀ ದಿನ ನೀರು ಬಂದಾಗಿ ಮರುದಿನ ಬಿಟ್ಟಾಗ ಮೊದಲ ಬಕೆಟ್ಟು ಚಹಾದ ಬಣ್ಣಕ್ಕಿರುವುದನ್ನು ಡೊಂಬಿವಲಿಯವರು ಯಾರು ನೋಡಿಲ್ಲ?

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದಲ್ಲಿ ಇಬ್ಬರಿಗೆ ಕಾಮಾಲೆಯಾಯಿತು. ಇಲ್ಲಿಯವರು ಕಾವೀಳ ಅನ್ನುತ್ತಾರಲ್ಲ, ಅದೇ. ಮೊದಲು ಎರಡನೆಯ ಮಾಳಿಗೆಯ ಒಬ್ಬ ಅಜ್ಜ, ಹದಿನೈದು ದಿನದ ಮೇಲೆ ಕೆಳಮನೆಯ ಏಳು ವರ್ಷದ ಹುಡುಗಿ. ಆ ಹುಡುಗಿ ಸಂಜೆ ನಮ್ಮನೆಗೆ ಬಂದು ಅವ್ವನ ಕೈಯಲ್ಲಿ ಅವಲಕ್ಕಿ ತಿಂದು ಹೋಗುವವಳು. ಒಂದು ತಿಂಗಳು ಅವಳಿಗೆ ಏನೂ ಸೇರಲಿಲ್ಲ. ಕಣ್ಣು ಅರಿಸಿನವಾಗಿತ್ತು. ಡಾಕ್ಟರು, ನೀರಿನಿಂದ ಬಂದಿರಬಹುದು, ಟಾಕಿ ನೋಡಿಸಿರಿ ಎಂದರು. ನೋಡಿದರೆ ಟಾಕಿಯ ಗೋಡೆಗೆ ಒಂದು ಸೀಳು, ಸೀಳಿನಾಚೆ ಎರಡು ಮಾರು ದೂರದಲ್ಲಿ ಕಕ್ಕಸಿನ ಕೊಳವೆ.

ಕೂಡಲೇ ಸೊಸಾಯಟಿಯ ಮೀಟಿಂಗು. ಸೀಳು ಮುಚ್ಚಿಸುವುದಕ್ಕೆ ಯಾರದೂ ತಕರಾರಿಲ್ಲ. ಜಗಳ ಹತ್ತಿದ್ದು ಪುಡಿಯ ಮೇಲೆ.

"ದುಡ್ಡು ಹೆಚ್ಚು ಹೋದ್ರ ಹೋಗ್ಲಿ, ಹೆಸರಿದ್ದದ್ದಽ ತರ್ರಿ. ಕುಡಿಯೂ ನೀರಿನ ವಿಷಯ ಅದ. ಆ ಸುಟ್ಟಾ ಪೌಡರ್ ತಂದಽ ಹಿಂಗಾತು" ಎಂದರು ಧಾರವಾಡದ ಕಾಕಾ.

ಕಾರ್ಯದರ್ಶಿಗಳು ಉಡುಪಿ ಕಡೆಯವರು. ನಗುತ್ತಲೇ ಹೇಳಿದರು: "ಎರಡೂ ಒಂದೇ ಮಾರಾಯ್ರೆ. ನೀವು ದುಡ್ಡು ಕೊಡುವುದು ಡಬ್ಬಿಗೆ, ಪುಡಿಗಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ಏನವಾ, ನೀ ಕೆಮಿಸ್ಟ್ರಿ ಓದ್ಲಿಕ್ಕೆ ಹತ್ತಿ. ನೀನಽ ಹೇಳು ನೋಡೂಣು."

ನಾನು ತಲೆ ತಗ್ಗಿಸಿದೆ. ಅದಕ್ಕೆ ಕಾರಣವಿತ್ತು. ಟಾಕಿಗೆ ಎಷ್ಟು ಪುಡಿ ಹಾಕಬೇಕೆಂದು ಬೇಸಿಗೆಯಲ್ಲಿ ಲೆಕ್ಕ ಹಾಕಿ ಕೊಟ್ಟವಳೇ ನಾನು. ಸಮುದಾಯ ವೈದ್ಯದ ಪಠ್ಯದಲ್ಲಿರುವ ಲೆಕ್ಕ ಅದು: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಹತ್ತು ಸಾವಿರಕ್ಕೆ 25 ಗ್ರಾಂ. ಚಿಕ್ಕ ತಕ್ಕಡಿಯಲ್ಲಿ ತೂಗಿ, ಒಂದು ಡಬ್ಬಿಯ ಮುಚ್ಚಳಕ್ಕೆ ಗೆರೆ ಕೊರೆದು, ವಾಚಮನ್ನನಿಗೆ "ಈ ಗೆರೆವರೆಗೆ ಹಾಕ್ರಿ" ಎಂದು ಹೇಳಿ, ದೊಡ್ಡ ವಿಜ್ಞಾನಿಯ ಹಾಗೆ ಮನೆಗೆ ಬಂದಿದ್ದೆ. ಲೆಕ್ಕ ತಪ್ಪಿರಲಿಲ್ಲ. ಆದರೂ ಹುಡುಗಿ ಹಾಸಿಗೆ ಹಿಡಿದಿದ್ದಳು.

ಆ ಮೀಟಿಂಗಿನಲ್ಲಿ ನಾನು ಉತ್ತರ ಕೊಡಲಿಲ್ಲ. ಎಂಟು ದಿನ ಸಮಯ ಕೇಳಿದೆ. ಆ ಎಂಟು ದಿನದಲ್ಲಿ ಓದಿದ್ದು, ಮಾಡಿ ನೋಡಿದ್ದು ಇಲ್ಲಿದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಆ ಅರಳಿದ ಸುಣ್ಣಕ್ಕೆ ಕ್ಲೋರೀನು ಅನಿಲ ಹಾಯಿಸಿದರೆ ಬ್ಲೀಚಿಂಗ್ ಪೌಡರು. ಗ್ಲಾಸ್ಗೋ ನಗರದ ಚಾರ್ಲ್ಸ್ ಟೆನಂಟ್ 1799ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಅದಕ್ಕೆ ಮುಂಚೆ ಯುರೋಪಿನಲ್ಲಿ ಬಟ್ಟೆ ಚಲುವೆ ಮಾಡಲು ಹುಲ್ಲುಗಾವಲಿನಲ್ಲಿ ವಾರಗಟ್ಟಲೆ ಬಿಸಿಲಿಗೆ ಹರಡಬೇಕಿತ್ತು, ನಡುನಡುವೆ ಹುಳಿ ಮಜ್ಜಿಗೆಯಲ್ಲಿ ಅದ್ದಬೇಕಿತ್ತು. ಪುಡಿ ಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನೀರಿಗೆ ಈ ಪುಡಿ ಬಿದ್ದದ್ದು ಬಹಳ ತಡವಾಗಿ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನಲ್ಲಿ ಟೈಫಾಯ್ಡ್ ಹಬ್ಬಿದಾಗ ಅಲ್ಲಿಯ ನೀರಿನ ಕೊಳವೆಗಳನ್ನು ಇದರ ದ್ರಾವಣದಿಂದ ತೊಳೆದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ಕುಡಿಯುವ ನೀರಿಗೆ ಡಾಕ್ಟರ್ ಜಾನ್ ಲೀಲ್ ಇದನ್ನೇ ದಿನವೂ ಬೆರೆಸಲು ಆರಂಭಿಸಿದ. ಇದು ಸರಿಯೇ ಎಂಬ ವಾದ ಕೋರ್ಟಿನಲ್ಲೂ ನಡೆಯಿತು, ತೀರ್ಪು ಅವನ ಪದ್ಧತಿಯ ಪರವಾಗಿಯೇ ಬಂತು.

ಪುಡಿ ನೀರಿಗೆ ಬಿದ್ದಾಗ ಹೈಪೊಕ್ಲೋರಸ್ ಆಮ್ಲವೆಂಬುದು ಹುಟ್ಟುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ. ಬಾಟಲಿಯಲ್ಲಿ ಬರುವ ದ್ರವ ಬ್ಲೀಚಿನಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ, ಸೋಡಿಯಂ ಹೈಪೊಕ್ಲೋರೈಟ್. ನೀರಿಗೆ ಬಿದ್ದ ಮೇಲೆ ಅದರಿಂದ ಹುಟ್ಟುವುದೂ ಅದೇ ಆಮ್ಲ. ಆ ಆಮ್ಲಕ್ಕೆ ತಾನು ಹೆಸರಿನ ಡಬ್ಬಿಯಿಂದ ಬಂದೆನೋ ಕಿರಾಣಿ ಅಂಗಡಿಯ ಗೋಣಿಯಿಂದ ಬಂದೆನೋ ಗೊತ್ತಿರುವುದಿಲ್ಲ. ಇಲ್ಲಿಯವರೆಗೆ ಕಾರ್ಯದರ್ಶಿಗಳದೇ ಗೆಲುವು.

ಅವರಿಗೆ ಇನ್ನೊಂದು ದೊಡ್ಡ ಸಾಕ್ಷಿ ಅಮೆರಿಕದಲ್ಲಿ ಸಿಕ್ಕಿತು. ಕ್ಲೋರಾಕ್ಸ್ ಎಂಬುದು ಅಲ್ಲಿ ಮನೆಮಾತಾದ ಬ್ಲೀಚು. ಅದರ ಕಂಪನಿ ಹುಟ್ಟಿದ್ದು 1913ರಲ್ಲಿ. 1957ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಸಾಬೂನಿನ ದೈತ್ಯ ಕಂಪನಿ ಅದನ್ನು ಕೊಂಡುಕೊಂಡಿತು. ಇದರಿಂದ ಸ್ಪರ್ಧೆಯೇ ಇಲ್ಲವಾಗುತ್ತದೆಂದು ಸರಕಾರದ ವ್ಯಾಪಾರ ಆಯೋಗ ತಕರಾರು ತೆಗೆಯಿತು. ಹತ್ತು ವರ್ಷ ನಡೆದ ವ್ಯಾಜ್ಯ 1967ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದು, ಕ್ಲೋರಾಕ್ಸನ್ನು ಬಿಟ್ಟುಕೊಡಬೇಕೆಂದು ತೀರ್ಪಾಯಿತು. ನಮಗೆ ಬೇಕಾದ್ದು ಆ ತೀರ್ಪಿನ ಒಳಗಿನ ಸಂಗತಿ. ಆಗಿನ ಮನೆಬಳಕೆಯ ದ್ರವ ಬ್ಲೀಚೆಲ್ಲ ನೂರಕ್ಕೆ 5.25 ಪಾಲು ಸೋಡಿಯಂ ಹೈಪೊಕ್ಲೋರೈಟ್, ಉಳಿದ 94.75 ಪಾಲು ನೀರು. ಯಾರು ಮಾಡಿದರೂ ರಾಸಾಯನಿಕವಾಗಿ ಒಂದೇ ವಸ್ತು. ಹೀಗಿದ್ದೂ ಕ್ಲೋರಾಕ್ಸಿನ ಬೆಲೆ ಉಳಿದವರಷ್ಟೇ ಅಥವಾ ಅವರಿಗಿಂತ ಹೆಚ್ಚು. ದೇಶದ ಮಾರಾಟದಲ್ಲಿ ಹೆಚ್ಚುಕಡಿಮೆ ಅರ್ಧ ಅದರದೇ. ಗುಟ್ಟೇನೆಂದರೆ ಜಾಹೀರಾತು. 1957ನೆಯ ಒಂದೇ ವರ್ಷದಲ್ಲಿ ಅದಕ್ಕೆ ಸುಮಾರು 37 ಲಕ್ಷ ಡಾಲರು ಸುರಿದಿದ್ದರು. ನೂರಕ್ಕೆ ತೊಂಬತ್ತೈದು ಪಾಲು ನೀರಿರುವ ಬಾಟಲಿಗೆ!

ಇದನ್ನು ಓದಿದ ದಿನ ರಾತ್ರಿ, ಇನ್ನೇನು ಉತ್ತರ ಸಿಕ್ಕಿತು, ಹೆಸರಿಲ್ಲದ್ದೇ ತನ್ನಿರಿ ಎಂದು ಹೇಳಿಬಿಡುವುದೇ ಅಂದುಕೊಂಡೆ. ಆದರೆ ನಾವು ಬೇಸಿಗೆಯಿಂದ ಹಾಕುತ್ತಿದ್ದುದು ಹೆಸರಿಲ್ಲದ್ದೇ ಅಲ್ಲವೆ? ಅದು ಏಕೆ ಕೆಲಸ ಮಾಡಲಿಲ್ಲ?

ಪಂಪಿನ ಕೋಣೆಗೆ ಹೋಗಿ ನೋಡಿದೆ. ಮೂಲೆಯಲ್ಲಿ ಚೀಲ, ಬಾಯಿ ಬಿಚ್ಚಿದ್ದು. ನೆಲ ಒದ್ದೆ. ಬಾಗಿಲಿನ ಬೀಗ ತುಕ್ಕು, ಮೋಟರಿನ ಬೋಲ್ಟುಗಳೆಲ್ಲ ತುಕ್ಕು, ಗೋಡೆಯ ಮೊಳೆ ಕೈಯಿಟ್ಟರೆ ಪುಡಿಯಾಗುವಷ್ಟು ತುಕ್ಕು. ಒಂದು ಗಳಿಗೆ ನಿಂತು ಆಮೇಲೆ ಹೊಳೆಯಿತು: ನೀರಿಗೆ ಹೋಗಬೇಕಾದ ಕ್ಲೋರೀನು ಹೋದದ್ದು ಇಲ್ಲಿಗೆ!

ಬ್ಲೀಚಿಂಗ್ ಪೌಡರು ಉಪ್ಪಿನ ಹಾಗೆ ಇಟ್ಟಲ್ಲಿ ಇರುವ ವಸ್ತುವಲ್ಲ. ಗಾಳಿ, ಬೆಳಕು, ತೇವ ಮೂರೂ ಅದಕ್ಕೆ ಶತ್ರುಗಳು. ಹೊಸದಾಗಿದ್ದಾಗ ಅದರಲ್ಲಿ ನೂರಕ್ಕೆ 33ರ ಸುಮಾರು 'ಲಭ್ಯ ಕ್ಲೋರೀನು' ಇರುತ್ತದೆ. ಲಭ್ಯ ಎಂದರೆ ಕೆಲಸಕ್ಕೆ ಒದಗುವ ಕ್ಲೋರೀನು. ಬಾಯಿ ತೆರೆದಿಟ್ಟರೆ ಅದು ದಿನದಿಂದ ದಿನಕ್ಕೆ ಹಾರಿಹೋಗುತ್ತದೆ. ಕೊನೆಗೆ ಉಳಿಯುವುದು ಬರೀ ಸುಣ್ಣ. ನೋಡಲು ಬಿಳಿಯದೇ, ವಾಸನೆಯೂ ಅಷ್ಟಿಷ್ಟು ಇದ್ದೇ ಇರುತ್ತದೆ. ಮಂತ್ರಿಗಳು ಬರುವ ದಿನ ರಸ್ತೆಯ ಎರಡೂ ಬದಿಗೆ ಬಿಳಿ ಗೆರೆ ಎಳೆಯುತ್ತಾರಲ್ಲ, ಅದರಲ್ಲಿ ಕ್ಲೋರೀನೆಷ್ಟು ಸುಣ್ಣವೆಷ್ಟು ಎಂದು ನನಗೆ ಮೊದಲಿನಿಂದ ಅನುಮಾನ. ರೋಗಾಣುಗಳೇನೂ ಗೆರೆ ನೋಡಿ ಹಿಂದೆ ಸರಿಯುವುದಿಲ್ಲ.

ನನ್ನ 25 ಗ್ರಾಂ ಲೆಕ್ಕ ನಿಂತಿದ್ದು ಆ 33ರ ಮೇಲೆ. ಚೀಲದೊಳಗಿನ ಪುಡಿ 33 ಹೌದೋ ಅಲ್ಲವೋ ಎಂದು ನಾನು ಕೇಳಲೇ ಇಲ್ಲ. ಪುಸ್ತಕ ಹೇಳಿತು, ನಾನು ಹೇಳಿದೆ.

ಕಾಲೇಜಿನ ಲ್ಯಾಬಿನಲ್ಲಿ ಮೂರು ಪುಡಿ ತಂದು ಪರೀಕ್ಷೆ ಮಾಡಿದೆ. ಒಂದು ಹೆಸರಿನ ಡಬ್ಬಿ, ಮುಚ್ಚಳಕ್ಕೆ ಸೀಲು ಇದ್ದದ್ದು. ಇನ್ನೊಂದು ಅಂಗಡಿಯವನು ನನ್ನೆದುರಿಗೇ ಬಿಚ್ಚಿದ ಹೊಸ ಮೂಟೆಯ ಸುಟ್ಟಾ ಪೌಡರು. ಮೂರನೆಯದು ನಮ್ಮ ಪಂಪಿನ ಕೋಣೆಯದು. ಪರೀಕ್ಷೆ ನಾವೆಲ್ಲ ಮಾಡುವಂಥದೇ. ಸಮ ತೂಕದ ಪುಡಿಯನ್ನು ನೀರಿನಲ್ಲಿ ಅರೆದು, ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಅಸಿಟಿಕ್ ಆಮ್ಲ ಸೇರಿಸಿದರೆ ಎಷ್ಟು ಕ್ಲೋರೀನಿದೆಯೋ ಅದಕ್ಕೆ ತಕ್ಕಷ್ಟು ಅಯೊಡೀನು ಹೊರಬಿದ್ದು ದ್ರಾವಣ ಕಂದಾಗುತ್ತದೆ. ಬ್ಯೂರೆಟ್ಟಿನಿಂದ ಹೈಪೊ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಬಂದರೆ ಬಣ್ಣ ತಿಳಿಯಾಗುತ್ತದೆ. ಕೊನೆಗೆ ಗಂಜಿ ಹಾಕಿದರೆ ಕಡುನೀಲಿ. ಇನ್ನು ನಾಲ್ಕು ಹನಿಗೆ ಆ ನೀಲಿ ಫಕ್ಕನೆ ಮಾಯ. ಹೈಪೊ ಹೆಚ್ಚು ಖರ್ಚಾದಷ್ಟೂ ಪುಡಿ ಬಲವಾದದ್ದು. ಕಲೆಯವರು ಒಮ್ಮೆ ಬಂದು ನೋಡಿರಿ, ನೀಲಿ ಹೋಗುವ ಆ ಕ್ಷಣ ನಿಮ್ಮ ಕವಿತೆಗಳಿಗಿಂತ ಕಡಿಮೆಯಿಲ್ಲ.

ಹೆಸರಿನ ಡಬ್ಬಿಗೂ ಹೊಸ ಮೂಟೆಗೂ ವ್ಯತ್ಯಾಸ ಕೂದಲೆಳೆಯಷ್ಟು. ಪಂಪಿನ ಕೋಣೆಯ ಪುಡಿಗೆ ಹೈಪೊ ಅರ್ಧವೂ ಬೇಕಾಗಲಿಲ್ಲ.

ಈಗ ಲೆಕ್ಕ ನೋಡಿ. 33ರ ಪುಡಿ 25 ಗ್ರಾಂ ಹಾಕಿದರೆ ಹತ್ತು ಸಾವಿರ ಲೀಟರಿನಲ್ಲಿ ಲೀಟರಿಗೆ 0.8 ಮಿಲಿಗ್ರಾಂ ಕ್ಲೋರೀನು. ಬಲ ಅರ್ಧವಾದರೆ 0.4. ಅದೂ ಪೂರ್ತಿ ರೋಗಾಣುವಿನ ಪಾಲಿಗೆ ಬರುವುದಿಲ್ಲ. ನೀರಿನಲ್ಲಿರುವ ಕೆಸರು, ಕಬ್ಬಿಣದ ಅಂಶ, ಕೊಳೆತ ಪದಾರ್ಥ, ಅಮೋನಿಯ ಎಲ್ಲವೂ ಮೊದಲು ತಮ್ಮ ಪಾಲು ತಿನ್ನುತ್ತವೆ. ಆಮೇಲೆ ಉಳಿದದ್ದೇ 'ಉಳಿಕೆ ಕ್ಲೋರೀನು'. ಭಾರತೀಯ ಮಾನಕದ ಪ್ರಕಾರ (ಐ.ಎಸ್. 10500) ಕುಡಿಯುವ ನೀರಿನಲ್ಲಿ ಈ ಉಳಿಕೆ ಲೀಟರಿಗೆ 0.2 ಮಿಲಿಗ್ರಾಮಾದರೂ ಇರಬೇಕು. ಕಾಮಾಲೆಯಂತಹ ವೈರಸ್ಸಿನ ಭಯವಿದ್ದಾಗ 0.5. ಗಟಾರ ಬೆರೆತ, ತಳದಲ್ಲಿ ಕೆಸರು ಕೂತ ನಮ್ಮ ಟಾಕಿ ಆ 0.4ನ್ನು ಒಂದೇ ತುತ್ತಿಗೆ ನುಂಗಿರಬೇಕು. ಇನ್ನೊಂದು ತಪ್ಪೂ ಇತ್ತು. ವಾಚಮನ್ ಪುಡಿಯನ್ನು ಹಾಗೇ ಟಾಕಿಗೆ ಚೆಲ್ಲುತ್ತಿದ್ದ. ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಆಮೇಲೆ ಇನ್ನಷ್ಟು ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಹಾಕಿ ಒಂದು ತಾಸು ಬಿಡಬೇಕು. ಇದನ್ನು ನಾನು ಅವನಿಗೆ ಹೇಳಿರಲಿಲ್ಲ.

ಹಾಗಾದರೆ ಕಾಕಾ ಗೆದ್ದರೋ ಕಾರ್ಯದರ್ಶಿಗಳೋ? ಇಬ್ಬರೂ ಅರ್ಧರ್ಧ. ಪುಡಿ ಒಂದೇ ಎಂಬ ಮಾತು ಕಾರ್ಖಾನೆಯ ಬಾಗಿಲಿನವರೆಗೆ ನಿಜ. ಅಲ್ಲಿಂದ ನಮ್ಮ ಟಾಕಿಯವರೆಗಿನ ಪ್ರಯಾಣದಲ್ಲಿ ಅದು ಬೇರೆಬೇರೆಯಾಗುತ್ತದೆ. ಹೆಸರಿನ ಡಬ್ಬಿಯಲ್ಲಿ ಹೆಚ್ಚಿನದೇನಾದರೂ ಇದ್ದರೆ ಅದು ಸೀಲು, ತಯಾರಾದ ತಾರೀಖು, ಬಲ ಇಷ್ಟೆಂದು ಬರೆದ ಚೀಟಿ. ಹೆಸರಿಲ್ಲದ ಮೂಟೆಯ ಮೇಲೂ ಐ.ಎಸ್.ಐ. ಗುರುತು, ಐ.ಎಸ್. 1065 ಎಂಬ ಸಂಖ್ಯೆ, ತಾರೀಖು ಇದ್ದು ಮೂಟೆ ಹೊಸದಾಗಿದ್ದರೆ ಅದೂ ಅಷ್ಟೇ ಒಳ್ಳೆಯದು. ಹೆಸರಿನ ಡಬ್ಬಿಯೇ ಒಂದು ವರ್ಷದಿಂದ ಅಂಗಡಿಯ ಬಿಸಿಲಿಗೆ ಕೂತಿದ್ದರೆ ಆ ಹೆಸರಿನಿಂದ ಏನೂ ಆಗುವುದಿಲ್ಲ. ಬೆಲೆಯ ಲೆಕ್ಕವೂ ಇದರಿಂದ ತಿರುಗಾಮುರುಗಾ ಆಗುತ್ತದೆ. ಅರ್ಧ ಬೆಲೆಗೆ ತಂದ ಪುಡಿಯ ಬಲ ಅರ್ಧವೇ ಆದರೆ ಉಳಿತಾಯವೇನು? ಮೇಲೆ ಟಾಕಿಗೆ ಎರಡು ಪಟ್ಟು ಸುಣ್ಣ.

ಬಾಟಲಿಯ ದ್ರವಕ್ಕೂ ಇದೇ ಮಾತು. ಅಮೆರಿಕದಲ್ಲಿ ಆ 5.25ರ ಕಾಲ ಹೋಯಿತು. ಅಲ್ಲೀಗ ಬೇರೆಬೇರೆ ಬಾಟಲಿಗೆ ಬೇರೆಬೇರೆ ಬಲ. ಅದಕ್ಕೆಂದೇ ಅಲ್ಲಿಯ ಸರಕಾರದ ಸೂಚನೆಯಲ್ಲಿ ಹೆಸರಿಲ್ಲ, ಬಲವಿದೆ: ಒಂದು ಗ್ಯಾಲನ್ ಅಂದರೆ ಪೌಣೆ ನಾಲ್ಕು ಲೀಟರು ತಿಳಿ ನೀರಿಗೆ ನೂರಕ್ಕೆ 6ರ ಬ್ಲೀಚಾದರೆ 8 ಹನಿ, 8.25ರದಾದರೆ 6 ಹನಿ, ಅರ್ಧ ತಾಸು ಬಿಡುವುದು, ರಾಡಿ ನೀರಾದರೆ ಎರಡು ಪಟ್ಟು. ಇದೂ ಚಂಡಮಾರುತ, ಪ್ರವಾಹದಂಥ ಹೊತ್ತಿಗೆ. ಜೊತೆಗೆ, ಸುಗಂಧ ಸೇರಿಸಿದ್ದು ಬೇಡ, ವರ್ಷ ದಾಟಿದ್ದು ಬೇಡ. ನಮ್ಮ ಅಂಗಡಿಗಳಲ್ಲಿ ಬಟ್ಟೆಗೆಂದು, ನೆಲಕ್ಕೆಂದು ಮಾರುವ ಬಾಟಲಿಗಳಲ್ಲಿ ಸಾಬೂನು, ಪರಿಮಳ ಸೇರಿರಬಹುದು. ಅಂಥದ್ದು ಎಂಥ ದೊಡ್ಡ ಹೆಸರಿನದಾದರೂ ಕುಡಿಯುವ ನೀರಿಗೆ ಬೇಡ. ಅದಕ್ಕೆಂದೇ ಮಾರುವ ಕ್ಲೋರೀನ್ ಹನಿಗಳಿವೆ, ಚೀಟಿ ಓದಿ ಹಾಕಿರಿ. ಇನ್ನೊಂದು ಮಾತು. ಬ್ಲೀಚನ್ನು ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ಕ್ಲೋರೀನು ಅನಿಲವೇ ಎದ್ದು ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೆ ಸಂಚಕಾರ.

ಇಷ್ಟು ಮಾಡಿದರೂ ಕ್ಲೋರೀನು ಎಲ್ಲಕ್ಕೂ ಮದ್ದಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು ನಾಲ್ಕು ಲಕ್ಷ ಜನರಿಗೆ ಹೊಟ್ಟೆ ಕೆಟ್ಟಿತು. ಕ್ರಿಪ್ಟೊಸ್ಪೊರಿಡಿಯಂ ಎಂಬ ಆ ಜೀವಿ ಕ್ಲೋರೀನಿಗೆ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ಕಾರ್ಖಾನೆಗಳ ರಾಸಾಯನಿಕ ನೀರಿಗೆ ಬೆರೆತರಂತೂ ಕ್ಲೋರೀನೂ ಉಪಯೋಗವಿಲ್ಲ, ಕುದಿಸುವುದೂ ಉಪಯೋಗವಿಲ್ಲ. ಎಂ.ಐ.ಡಿ.ಸಿ.ಯನ್ನು ಪಕ್ಕದಲ್ಲಿಟ್ಟುಕೊಂಡ ನಾವು ಇದನ್ನು ಮರೆಯುವ ಹಾಗಿಲ್ಲ.

2005ರ ಜುಲೈ 26ರ ಮಳೆಯ ಕಥೆಯನ್ನು ಅವ್ವ ಇವತ್ತಿಗೂ ಹೇಳುತ್ತಾಳೆ. ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಬಿದ್ದ ಆ ದಿನ ಉಲ್ಹಾಸ ನದಿಯೂ ಉಕ್ಕಿತ್ತು. ಟಾಕಿಯೊಳಕ್ಕೆ ರಸ್ತೆಯ ನೀರೇ ನುಗ್ಗಿತ್ತಂತೆ. ಆಗ ಕಟ್ಟಡದವರೆಲ್ಲ ಟಾಕಿ ಬರಿದು ಮಾಡಿ, ಕೆಸರು ಬಳಿದು, ತಿಕ್ಕಿ ತೊಳೆದು, ಆಮೇಲೆ ಪುಡಿ ಹಾಕಿ, ತಿಂಗಳುಗಟ್ಟಲೆ ನೀರು ಕುದಿಸಿಯೇ ಕುಡಿದರಂತೆ. ಪುಡಿ ಯಾವ ಹೆಸರಿನದಿತ್ತು ಎಂದು ಕೇಳಿದೆ. "ಯಾವನಿಗೆ ಗೊತ್ತು. ಸಿಕ್ಕಿದ್ದು ಹಾಕಿದ್ವಿ. ತಿಕ್ಕಿ ಕೈ ಬೊಬ್ಬೆ ಬಂದಿದ್ದು ನೆನಪದ" ಅಂದಳು.

ಎಂಟನೆಯ ದಿನದ ಮೀಟಿಂಗಿನಲ್ಲಿ ನಾನು ಮೊದಲು ನನ್ನ ತಪ್ಪು ಹೇಳಿದೆ. ಕೆಳಮನೆಯ ವೈನಿಯ ಮುಖ ನೋಡಲಾಗಲಿಲ್ಲ. ಅವರು ಏನೂ ಅನ್ನಲಿಲ್ಲ, "ಮುಂದಿಂದು ಹೇಳು" ಎಂದರು. ಸೀಳು ಮುಚ್ಚಿಸಿ, ಟಾಕಿ ತೊಳೆಸಿ, ಮೂಟೆ ತರುವುದನ್ನು ಬಿಟ್ಟು ಒಂದೊಂದು ತಿಂಗಳಿಗೆ ಸಾಕಾಗುವ ಸೀಲಿನ ಚಿಕ್ಕ ಪೊಟ್ಟಣ ತರುವುದೆಂದು ಠರಾವಾಯಿತು. ಹೆಸರು ಯಾವುದೂ ಆಗಬಹುದು, ತಾರೀಖು ಮಾತ್ರ ಹೊಸದಿರಬೇಕು. ಅದಕ್ಕಿಂತ ಮುಖ್ಯವಾದದ್ದು ಕ್ಲೋರೊಸ್ಕೋಪು. ಎರಡು ಗಾಜಿನ ನಳಿಗೆ, ಒಂದು ಚಿಕ್ಕ ಔಷಧದ ಸೀಸೆ, ಅಷ್ಟೇ. ಮೇಲಿನ ಮಾಳಿಗೆಯ ಕಟ್ಟಕಡೆಯ ನಲ್ಲಿಯಿಂದ ನೀರು ಹಿಡಿದು ಆರ್ಥೊಟಾಲಿಡಿನ್ ಹನಿ ಹಾಕಿದರೆ, ಉಳಿಕೆ ಕ್ಲೋರೀನಿದ್ದಾಗ ಕೂಡಲೇ ಹಳದಿ ಮೂಡುತ್ತದೆ. ಎಷ್ಟು ಹಳದಿಯೆಂದು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ನೋಡುವುದು. ಆ ಔಷಧ ವಿಷ. ನೋಡಿದ ಮೇಲೆ ಆ ನೀರನ್ನು ಮೋರಿಗೆ ಚೆಲ್ಲಿ ಕೈ ತೊಳೆದುಕೊಳ್ಳಬೇಕು. ಈಗ ಎಷ್ಟು ಪುಡಿ ಹಾಕುವುದೆಂದು ನನ್ನ ಪುಸ್ತಕದಲ್ಲಿ ನೋಡುವುದಿಲ್ಲ. ಹಳದಿ ಮಂಕಾದರೆ ಹೆಚ್ಚಿಸುತ್ತೇವೆ, ಗಾಢವಾದರೆ ಇಳಿಸುತ್ತೇವೆ. ಪ್ರತಿ ಭಾನುವಾರ ಕಾಕಾ ಕನ್ನಡಕ ಏರಿಸಿ ನಳಿಗೆಯನ್ನು ಬೆಳಕಿಗೆ ಹಿಡಿದು, "ಅರ್ಧಽ ಅದ ನೋಡು" ಎಂದು ವಹಿಯಲ್ಲಿ 0.5 ಬರೆಯುತ್ತಾರೆ. ಕಾರ್ಯದರ್ಶಿಗಳು ಸಹಿ ಹಾಕುತ್ತಾರೆ. ಕೆಳಮನೆಯ ಹುಡುಗಿ ಮತ್ತೆ ಅವಲಕ್ಕಿಗೆ ಬರುತ್ತಿದ್ದಾಳೆ.

ಪಂಪಿನ ಕೋಣೆಯ ಆ ಹಳೆಯ ಚೀಲವನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಬಿಸಾಡಲು ಕಾರ್ಯದರ್ಶಿಗಳಿಗೆ ಮನಸ್ಸಾಗಲಿಲ್ಲ. ಮಳೆಗೆ ಪಾಚಿ ಕಟ್ಟಿದ್ದ ಮೆಟ್ಟಿಲುಗಳಿಗೆ ಚೆಲ್ಲಿ ತಿಕ್ಕಿಸಿದರು. ಪಾಚಿ ಅರ್ಧಂಬರ್ಧ ಹೋಯಿತು.